ದೊಡ್ಡಪ್ಪನ ಮ್ಯಾಂಚೆಸ್ಟರ್ ಮನೆಗೆ ತೆರಿಗೆ ಕಟ್ಟೋರು ಯಾರು?

ಈ ಸಲ ಬಂದ ಪತ್ರಗಳಲ್ಲಿ ಹೊರದೇಶದ ಆಸ್ತಿಯದ್ದೇ ಜಾಸ್ತಿ. ಆಶ್ಚರ್ಯವೇನಿಲ್ಲ. ಜೆ.ಜೆ.ಎಂ. ಮೆಡಿಕಲ್ ಕಾಲೇಜಿನಲ್ಲಿ ಓದಿ ಎಪ್ಪತ್ತರ ದಶಕದಲ್ಲಿ ಇಂಗ್ಲೆಂಡಿಗೆ ಹೋದ ನಮ್ಮೂರ ಡಾಕ್ಟರುಗಳಿಗೆ ಈಗ ಎಂಬತ್ತರ ಆಸುಪಾಸು. ಯು.ಬಿ.ಡಿ.ಟಿ.ಯಿಂದ ಅಮೆರಿಕಕ್ಕೆ ಹೋದ ಇಂಜಿನಿಯರುಗಳೂ ಚಿಕ್ಕವರಾಗಿ ಉಳಿದಿಲ್ಲ. ಅವರು ಅಲ್ಲಿ ಮಾಡಿದ ಮನೆ, ಮಠ ಇಲ್ಲಿನ ಅಣ್ಣತಮ್ಮಂದಿರ ಮಕ್ಕಳಿಗೆ ಬರುವ ಕಾಲ ಇದು. ಪಿ.ಜೆ. ಬಡಾವಣೆಯ ನನ್ನ ಆಫೀಸಿಗೂ ಇಂಥ ಫೈಲುಗಳು ಬರುತ್ತಿವೆ. ಹಾಗಾಗಿ ಈ ತಿಂಗಳ ಅಂಕಣವನ್ನು ಪೂರ್ತಿ ಇದಕ್ಕೇ ಬಿಟ್ಟಿದ್ದೇನೆ.

ಪ್ರಶ್ನೆ: ಮೇಡಂ, ನಮಸ್ಕಾರ. ನಮ್ಮ ದೊಡ್ಡಪ್ಪ ಮ್ಯಾಂಚೆಸ್ಟರ್‌ನಲ್ಲಿ ಡಾಕ್ಟರ್ ಆಗಿದ್ದರು. ಸುಮಾರು ಐವತ್ತು ವರ್ಷ ಅಲ್ಲೇ ಇದ್ದರು. ಕಳೆದ ನವೆಂಬರ್‌ನಲ್ಲಿ ತೀರಿಕೊಂಡರು. ಮಕ್ಕಳಿಲ್ಲ. ದೊಡ್ಡಮ್ಮ 2016ರಲ್ಲೇ ಹೋದರು. ಮನೆಯನ್ನೂ ಬ್ಯಾಂಕಿನ ಹಣವನ್ನೂ ನನಗೆ ಮತ್ತು ನನ್ನ ತಂಗಿಗೆ ಸಮವಾಗಿ ಉಯಿಲು ಬರೆದಿದ್ದಾರೆ. ಅಲ್ಲಿನ ಸಾಲಿಸಿಟರ್ (ವಕೀಲರು) ಒಬ್ಬರು ಎಕ್ಸಿಕ್ಯೂಟರ್, ಅಂದರೆ ಉಯಿಲು ಜಾರಿ ಮಾಡುವವರು. 40 ಪರ್ಸೆಂಟ್ ಇನ್‌ಹೆರಿಟೆನ್ಸ್ ಟ್ಯಾಕ್ಸ್ ಬರಬಹುದು ಎಂದು ಪತ್ರ ಹಾಕಿದ್ದಾರೆ. ಮನೆ 4 ಲಕ್ಷ 20 ಸಾವಿರ ಪೌಂಡ್, ಬ್ಯಾಂಕಿನಲ್ಲಿ 60 ಸಾವಿರ ಪೌಂಡ್ ಇದೆಯಂತೆ. ಅಷ್ಟು ತೆರಿಗೆ ಕಟ್ಟೋಕೆ ನಾವು ಇಲ್ಲಿ ಹೊಲ ಮಾರಬೇಕಾ? ನಿಟುವಳ್ಳಿಯಲ್ಲಿ ದೊಡ್ಡಪ್ಪನ ಹೆಸರಿನಲ್ಲಿ ಒಂದು ಸೈಟೂ ಇದೆ. ಅದನ್ನು ಸಾಲಿಸಿಟರ್‌ಗೆ ಹೇಳಬೇಕಾ, ಸುಮ್ನೆ ಇದ್ದುಬಿಡೋದಾ? ಇಲ್ಲಿ ಇನ್ಕಮ್ ಟ್ಯಾಕ್ಸ್‌ನವರು ಏನು ಕೇಳುತ್ತಾರೆ?
— ವಿದ್ಯಾನಗರ, ದಾವಣಗೆರೆ

ಉತ್ತರ: ಹೊಲದ ಮಾತು ಬಿಡಿ. ಮ್ಯಾಂಚೆಸ್ಟರಿನ ತೆರಿಗೆಗೆ ದಾವಣಗೆರೆ ಹೊಲ ಮಾರಬೇಕಾಗಿಲ್ಲ.

ಬ್ರಿಟನ್ನಿನಲ್ಲಿ ಈ ತೆರಿಗೆ ಬೀಳುವುದು ತೀರಿಕೊಂಡವರ ಒಟ್ಟು ಆಸ್ತಿಯ ಮೇಲೆ. ಪಡೆಯುವ ನಿಮ್ಮ ಮೇಲಲ್ಲ. ಎಕ್ಸಿಕ್ಯೂಟರ್ ಆ ಆಸ್ತಿಯಿಂದಲೇ ತೆರಿಗೆ ಕಟ್ಟಿ, ಸಾಲಸೋಲ, ಅಂತ್ಯಕ್ರಿಯೆಯ ಖರ್ಚು ಕಳೆದು, ಉಳಿದಿದ್ದನ್ನು ನಿಮಗೆ ಹಂಚುತ್ತಾರೆ. ಬ್ಯಾಂಕಿನಲ್ಲಿ ಹಣ ಇದ್ದರೆ ಪ್ರೊಬೇಟ್ (ಉಯಿಲಿಗೆ ಕೋರ್ಟಿನ ಒಪ್ಪಿಗೆ) ಸಿಗುವ ಮೊದಲೇ ಬ್ಯಾಂಕು ನೇರವಾಗಿ ತೆರಿಗೆ ಇಲಾಖೆಗೆ ಕಟ್ಟುವ ವ್ಯವಸ್ಥೆ ಅಲ್ಲಿದೆ. ಮನೆಯ ಪಾಲಿನ ತೆರಿಗೆಯನ್ನು ಹತ್ತು ವರ್ಷದ ಕಂತಿನಲ್ಲಿ ಕಟ್ಟಬಹುದು. ಬಡ್ಡಿ ಬೀಳುತ್ತೆ, ಆದರೆ ದಾರಿ ಇದೆ.

ಈಗ 40 ಪರ್ಸೆಂಟ್ ವಿಷಯ. ಅದು ಇಡೀ ಆಸ್ತಿಗೆ ಅಲ್ಲ. ಮೊದಲ 3 ಲಕ್ಷ 25 ಸಾವಿರ ಪೌಂಡ್‌ಗೆ ತೆರಿಗೆ ಇಲ್ಲ. ಅದಕ್ಕಿಂತ ಮೇಲಿದ್ದದ್ದಕ್ಕೆ ಮಾತ್ರ. ಸ್ವಂತ ಮನೆಯನ್ನು ಮಕ್ಕಳಿಗೋ ಮೊಮ್ಮಕ್ಕಳಿಗೋ ಬಿಟ್ಟರೆ ಇನ್ನೂ 1 ಲಕ್ಷ 75 ಸಾವಿರ ವಿನಾಯಿತಿ ಸಿಗುತ್ತೆ. ತಮ್ಮನ ಮಕ್ಕಳಿಗೆ ಬಿಟ್ಟರೆ ಅದು ಸಿಗಲ್ಲ. ನೀವು ದೊಡ್ಡಪ್ಪನನ್ನು ಎಷ್ಟೇ ಅಪ್ಪನ ಹಾಗೆ ನೋಡಿಕೊಂಡಿರಿ, ಆ ಕಾನೂನಿಗೆ ನೀವು ಮಕ್ಕಳಲ್ಲ.

ಆದರೆ ನಿಮ್ಮ ಪತ್ರದಲ್ಲಿ ಒಂದು ಸಾಲು ಇದೆ. ನೀವು ಅದನ್ನು ಹಾಗೇ ಬರೆದು ಮುಂದೆ ಹೋಗಿದ್ದೀರಿ. ನನ್ನ ಕಣ್ಣು ಅಲ್ಲೇ ನಿಂತಿತು. ದೊಡ್ಡಮ್ಮ 2016ರಲ್ಲಿ ತೀರಿಕೊಂಡರು ಅಂದಿರಲ್ಲ, ಆಗ ಅವರ ಪಾಲೆಲ್ಲ ದೊಡ್ಡಪ್ಪನಿಗೆ ಬಂತಾ? ಗಂಡ ಹೆಂಡತಿ ನಡುವೆ ಬಿಟ್ಟುಹೋದ ಆಸ್ತಿಗೆ ಅಲ್ಲಿ ತೆರಿಗೆ ಇಲ್ಲ. ಅಂದರೆ ದೊಡ್ಡಮ್ಮನ ಹೆಸರಿನ 3 ಲಕ್ಷ 25 ಸಾವಿರದ ಮಿತಿ ಬಳಕೆಯಾಗದೇ ಉಳಿದಿದೆ. ಆ ಉಳಿಕೆಯನ್ನು ದೊಡ್ಡಪ್ಪನ ಲೆಕ್ಕಕ್ಕೆ ಸೇರಿಸಿಕೊಳ್ಳಬಹುದು. ಆಗ ಮಿತಿ 6 ಲಕ್ಷ 50 ಸಾವಿರ ಆಯಿತು. ದೊಡ್ಡಮ್ಮ ತಮ್ಮ ತವರಿಗೆ ಒಂದಿಷ್ಟು ಬಿಟ್ಟಿದ್ದರೆ ಅಷ್ಟು ಪಾಲು ಕಡಿಮೆಯಾಗುತ್ತೆ, ಅಷ್ಟೇ.

ಇದು ತಾನಾಗಿ ಸಿಗಲ್ಲ. ಎಕ್ಸಿಕ್ಯೂಟರ್ ಐಎಚ್‌ಟಿ 402 ಅನ್ನುವ ಫಾರಂ ತುಂಬಿ ಕೇಳಬೇಕು. ದೊಡ್ಡಪ್ಪ ತೀರಿಕೊಂಡ ತಿಂಗಳ ಕೊನೆಯಿಂದ ಎರಡು ವರ್ಷದೊಳಗೆ. ಅದಕ್ಕೆ ದೊಡ್ಡಮ್ಮನ ಮರಣ ಪತ್ರ, ಉಯಿಲು ಇದ್ದರೆ ಅದರ ಪ್ರತಿ, ಮದುವೆಯ ದಾಖಲೆ ಬೇಕು. ಇಲ್ಲೇ ನಮ್ಮವರು ಸಿಕ್ಕಿಹಾಕಿಕೊಳ್ಳುವುದು. ಎಪ್ಪತ್ತರ ದಶಕದಲ್ಲಿ ನಮ್ಮ ಕಡೆ ಮದುವೆ ರಿಜಿಸ್ಟರ್ ಮಾಡಿಸಿದವರು ಎಷ್ಟು ಜನ? ಲಗ್ನಪತ್ರಿಕೆ ಇರುತ್ತೆ, ಒಂದು ಕಪ್ಪುಬಿಳುಪು ಫೋಟೋ ಇರುತ್ತೆ. ಅಟ್ಟದ ಮೇಲಿನ ಟ್ರಂಕು ಇಳಿಸಿ. ದೊಡ್ಡಮ್ಮ ಇಂಗ್ಲೆಂಡಿಗೆ ಹೋಗುವಾಗ ಹೆಂಡತಿ ಎಂದು ವೀಸಾ ಪಡೆದಿರಬೇಕಲ್ವಾ? ಹಳೆಯ ಪಾಸ್‌ಪೋರ್ಟು, ಲಗ್ನಪತ್ರಿಕೆ, ಯಾವುದು ಸಿಕ್ಕರೂ ಸ್ಕ್ಯಾನ್ ಮಾಡಿ ಸಾಲಿಸಿಟರ್‌ಗೆ ಕಳಿಸಿ. ಯಾವುದು ನಡೆಯುತ್ತೆ, ಅದರ ಜೊತೆ ಅಫಿಡವಿಟ್ ಬೇಕಾ ಅಂತ ಅವರು ಹೇಳುತ್ತಾರೆ.

ನಿಟುವಳ್ಳಿ ಸೈಟು. ಹೇಳಿ. ಖಂಡಿತ ಹೇಳಿ. ಬ್ರಿಟನ್ನಿನಲ್ಲಿ 2025ರ ಏಪ್ರಿಲ್ 6ರಿಂದ ನಿಯಮ ಬದಲಾಗಿದೆ. ಕಳೆದ 20 ವರ್ಷದಲ್ಲಿ 10 ವರ್ಷ ಅಲ್ಲಿ ವಾಸವಿದ್ದವರಿಗೆ ಪ್ರಪಂಚದ ಯಾವ ಮೂಲೆಯಲ್ಲಿದ್ದರೂ ಆಸ್ತಿ ಲೆಕ್ಕಕ್ಕೆ ಬರುತ್ತೆ. ಭಾರತ ಮತ್ತು ಬ್ರಿಟನ್ ನಡುವೆ ಸಾವಿನ ಮೇಲಿನ ತೆರಿಗೆಗೆ ಸಂಬಂಧಿಸಿದ 1956ರ ಹಳೆಯ ಒಪ್ಪಂದ ಒಂದಿದೆ. ತೀರಿಕೊಂಡವರ ಕಾಯಂ ನೆಲೆ ಯಾವ ದೇಶ ಅನ್ನುವುದರ ಮೇಲೆ ಅದು ನಿಂತಿದೆ. ಐವತ್ತು ವರ್ಷ ಅಲ್ಲೇ ಇದ್ದವರಿಗೆ ಅದು ಎಷ್ಟು ಉಪಯೋಗಕ್ಕೆ ಬರುತ್ತೆ ಅಂತ ಸಾಲಿಸಿಟರ್ ನೋಡಲಿ. ಮುಚ್ಚಿಡುವುದರಿಂದ ನಿಮಗೆ ಲಾಭವೂ ಇಲ್ಲ. ಹೇಗೆ ಅಂತ ಲೆಕ್ಕ ಹಾಕಿ ತೋರಿಸುತ್ತೇನೆ.

ಸೈಟಿನ ಬೆಲೆ ಸುಮಾರು 50 ಸಾವಿರ ಪೌಂಡ್ ಅಂದುಕೊಳ್ಳಿ. ಮನೆ, ಬ್ಯಾಂಕು, ಸೈಟು ಮೂರೂ ಸೇರಿ 5 ಲಕ್ಷ 30 ಸಾವಿರ. ದೊಡ್ಡಮ್ಮನ ಮಿತಿ ಕೇಳದಿದ್ದರೆ 3 ಲಕ್ಷ 25 ಸಾವಿರ ಕಳೆದು 2 ಲಕ್ಷ 5 ಸಾವಿರ ಉಳಿಯುತ್ತೆ. ಅದಕ್ಕೆ 40 ಪರ್ಸೆಂಟ್ ಅಂದರೆ 82 ಸಾವಿರ ಪೌಂಡ್ ತೆರಿಗೆ. ದೊಡ್ಡಮ್ಮನ ಮಿತಿ ಪೂರ್ತಿ ಸಿಕ್ಕರೆ ತೆರಿಗೆ ಸೊನ್ನೆ. ಸೈಟು ಸೇರಿಸಿಯೂ ಸೊನ್ನೆ. ದೊಡ್ಡಪ್ಪ ಸಾಯುವ ಮುಂಚಿನ ಏಳು ವರ್ಷದಲ್ಲಿ ಯಾರಿಗಾದರೂ ದೊಡ್ಡ ಮೊತ್ತದ ಕೊಡುಗೆ ಕೊಟ್ಟಿದ್ದರೆ ಅದನ್ನೂ ಸೇರಿಸಬೇಕಾಗುತ್ತೆ. ನಿಮ್ಮ ತಂಗಿ ಮದುವೆಗೆ ಅಂತ ಹಣ ಕಳಿಸಿದ್ದರಾ? ನೆನಪು ಮಾಡಿಕೊಳ್ಳಿ.

ಸೈಟಿನ ಬಗ್ಗೆ ಇನ್ನೊಂದು ಮಾತು. ಉಯಿಲಿನಲ್ಲಿ ಅದರ ಪ್ರಸ್ತಾಪ ಇದೆಯಾ ಎಂದು ಓದಿ ನೋಡಿ. ಬರೀ ಇಂಗ್ಲೆಂಡಿನ ಆಸ್ತಿಗೆ ಬರೆದ ಉಯಿಲಾಗಿದ್ದರೆ ಸೈಟಿಗೆ ಹಿಂದೂ ಉತ್ತರಾಧಿಕಾರ ಕಾಯ್ದೆ ಬರುತ್ತೆ. ಹೆಂಡತಿ, ಮಕ್ಕಳು, ತಂದೆತಾಯಿ ಯಾರೂ ಇಲ್ಲದಿದ್ದರೆ ಒಡಹುಟ್ಟಿದವರು ಮೊದಲು, ಅಣ್ಣತಮ್ಮಂದಿರ ಮಕ್ಕಳು ಆಮೇಲೆ. ನಿಮ್ಮ ಸೋದರತ್ತೆ ಯಾರಾದರೂ ಇದ್ದರೆ ಸೈಟು ಅವರಿಗೆ ಹೋಗುತ್ತೆ. ಮಹಾನಗರ ಪಾಲಿಕೆಗೆ ಖಾತೆ ಬದಲಾವಣೆಗೆ ಅರ್ಜಿ ಹಾಕುವ ಮೊದಲು ಇದನ್ನು ಮನೆಯಲ್ಲಿ ಕೂತು ಮಾತಾಡಿ. ಅತ್ತೆಗೆ ಬೇರೆ ಕಡೆಯಿಂದ ಗೊತ್ತಾದರೆ ಚೆನ್ನಾಗಿರಲ್ಲ.

ಗಡುವು ಹೀಗಿದೆ. ತೀರಿಕೊಂಡ ತಿಂಗಳು ಮುಗಿದು ಆರು ತಿಂಗಳೊಳಗೆ ತೆರಿಗೆ ಕಟ್ಟಬೇಕು. ನವೆಂಬರ್ ಅಂದರೆ ಮೇ ಕೊನೆಗೆ. ಆಮೇಲೆ ಬಡ್ಡಿ ಓಡುತ್ತೆ. ಆಸ್ತಿಯ ಪೂರ್ತಿ ವಿವರದ ಅರ್ಜಿಗೆ 12 ತಿಂಗಳು. ನಡುವೆ ಖಾಲಿ ಮನೆಯ ಇನ್ಶೂರೆನ್ಸ್ ವಿಚಾರಿಸಿ. ಮನೆ ತಿಂಗಳುಗಟ್ಟಲೆ ಖಾಲಿ ಬಿದ್ದರೆ ಅಲ್ಲಿನ ಕಂಪನಿಗಳು ರಕ್ಷಣೆ ಮೊಟಕು ಮಾಡುತ್ತವೆ. ಮ್ಯಾಂಚೆಸ್ಟರಿನ ಚಳಿಗೆ ನೀರಿನ ಪೈಪು ಒಡೆದರೆ ಕೇಳುವವರಿಲ್ಲ.

ಒಂದು ಎಚ್ಚರಿಕೆ. ಸಾಲಿಸಿಟರ್ ನಿಜವಾದವರಾ ಅಂತ ನೋಡಿಕೊಂಡಿರಾ? ಅಲ್ಲಿನ ಸಾಲಿಸಿಟರ್ಸ್ ರೆಗ್ಯುಲೇಷನ್ ಅಥಾರಿಟಿಯ ಪಟ್ಟಿಯಲ್ಲಿ ಹೆಸರು ಹುಡುಕಬಹುದು. ನಿಮ್ಮ ಪತ್ರದಲ್ಲಿ ಉಯಿಲು, ಮನೆ, ಬ್ಯಾಂಕು ಎಲ್ಲ ಇದೆ, ಹಾಗಾಗಿ ನನಗೆ ಅನುಮಾನ ಇಲ್ಲ. ಆದರೆ "ನಿಮ್ಮ ದೂರದ ಸಂಬಂಧಿ ಲಂಡನ್ನಿನಲ್ಲಿ ತೀರಿಕೊಂಡರು, ಮೊದಲು ತೆರಿಗೆ ಕಟ್ಟಿ, ಆಮೇಲೆ ಕೋಟಿಗಟ್ಟಲೆ ಬರುತ್ತೆ" ಅನ್ನುವ ಮೇಲ್ ಬಂದು ದುಡ್ಡು ಕಳೆದುಕೊಂಡವರು ನಮ್ಮೂರಲ್ಲೂ ಇದ್ದಾರೆ. ಸರಿಯಾದ ಎಕ್ಸಿಕ್ಯೂಟರ್ ವಾರಸುದಾರರ ಜೇಬಿನಿಂದ ಮುಂಗಡ ತೆರಿಗೆ ಕೇಳುವುದಿಲ್ಲ.

ಇನ್ನು ನಮ್ಮ ಕಡೆ. ಉಯಿಲಿನಿಂದಾಗಲಿ, ವಾರಸಾಗಿ ಆಗಲಿ ಬಂದ ಆಸ್ತಿಗೆ ಭಾರತದಲ್ಲಿ ತೆರಿಗೆ ಇಲ್ಲ. ಮನೆ ಬಂದರೂ ಇಲ್ಲ, ಹಣ ಬಂದರೂ ಇಲ್ಲ. ಹೊರದೇಶದಲ್ಲಿ ವಾಸವಿದ್ದವರಿಂದ ವಾರಸಾಗಿ ಬಂದ ಮನೆಯನ್ನು ಅಲ್ಲೇ ಇಟ್ಟುಕೊಳ್ಳೋಕೆ ವಿದೇಶಿ ವಿನಿಮಯದ ಫೆಮಾ ಕಾಯ್ದೆಯಲ್ಲೇ ಅವಕಾಶ ಇದೆ. ರಿಸರ್ವ್ ಬ್ಯಾಂಕಿನ ಅನುಮತಿ ಬೇಡ. ಬ್ಯಾಂಕಿನ 60 ಸಾವಿರ ಇಲ್ಲಿಗೆ ತರಿಸಿಕೊಳ್ಳುವಾಗ ಉಯಿಲು, ಪ್ರೊಬೇಟ್, ಎಕ್ಸಿಕ್ಯೂಟರ್ ಕೊಟ್ಟ ಲೆಕ್ಕದ ಪ್ರತಿ ನಿಮ್ಮ ಬ್ಯಾಂಕಿಗೆ ಕೊಡಿ. ಮ್ಯಾನೇಜರ್ ಕೇಳಿಯೇ ಕೇಳುತ್ತಾರೆ.

ತೆರಿಗೆ ಶುರುವಾಗುವುದು ಮನೆ ನಿಮ್ಮದಾದ ಮೇಲೆ. ಬಾಡಿಗೆ ಬಂದರೆ ಅಲ್ಲಿ ಏಜೆಂಟು 20 ಪರ್ಸೆಂಟ್ ಹಿಡಿಯಬಹುದು, ಇಲ್ಲೂ ನಿಮ್ಮ ಆದಾಯಕ್ಕೆ ಸೇರುತ್ತೆ, ಅಲ್ಲಿ ಕಟ್ಟಿದ್ದಕ್ಕೆ ಇಲ್ಲಿ ಕ್ರೆಡಿಟ್ ಸಿಗುತ್ತೆ, ಅಂದರೆ ಇಲ್ಲಿನ ತೆರಿಗೆಯಲ್ಲಿ ಕಳೆಯಬಹುದು. ಇದು ಸುಲಭ. ಕಷ್ಟ ಇರುವುದು ಮಾರುವಾಗ.

ಬ್ರಿಟನ್ನಿನಲ್ಲಿ ನಿಮ್ಮ ಲಾಭದ ಲೆಕ್ಕ ದೊಡ್ಡಪ್ಪ ತೀರಿಕೊಂಡ ದಿನದ ಬೆಲೆಯಿಂದ ಶುರು. 4 ಲಕ್ಷ 20 ಸಾವಿರದ ಮನೆ 4 ಲಕ್ಷ 25 ಸಾವಿರಕ್ಕೆ ಮಾರಿದರೆ ಲಾಭ ಬರೀ 5 ಸಾವಿರ. ಅಲ್ಲಿ ತೆರಿಗೆ ಇಲ್ಲವೇ ಇಲ್ಲ ಅನ್ನುವಷ್ಟು. ಆದರೂ ಮಾರಾಟವಾದ 60 ದಿನದೊಳಗೆ ಅಲ್ಲಿನ ಇಲಾಖೆಗೆ ತಿಳಿಸಬೇಕು. ನಮ್ಮಲ್ಲಿ ಲೆಕ್ಕ ಹಾಗಲ್ಲ. ವಾರಸಾಗಿ ಬಂದ ಆಸ್ತಿಗೆ ಹಿಂದಿನ ಮಾಲೀಕರು ಕೊಟ್ಟ ಬೆಲೆಯೇ ನಿಮ್ಮ ಬೆಲೆ. ದೊಡ್ಡಪ್ಪ ಬಹಳ ಹಿಂದೆ ಕೊಂಡಿದ್ದರೆ 2001ರ ಏಪ್ರಿಲ್ 1ರ ಬೆಲೆ ಹಿಡಿಯಬಹುದು. ಆಗ ಅದು 90 ಸಾವಿರ ಪೌಂಡ್ ಬಾಳುತ್ತಿತ್ತು ಅಂದುಕೊಳ್ಳಿ. ಇಲ್ಲಿ ಲಾಭ 3 ಲಕ್ಷ 35 ಸಾವಿರ ಪೌಂಡ್ ಆಯಿತು. ಅದಕ್ಕೆ 12.5 ಪರ್ಸೆಂಟ್ ಅಂದರೆ ನಿಮ್ಮಿಬ್ಬರ ಪಾಲೂ ಸೇರಿ ಹತ್ತಿರ ಹತ್ತಿರ 42 ಸಾವಿರ ಪೌಂಡ್, ಮೇಲೆ ಸೆಸ್, ಸರ್‌ಚಾರ್ಜ್. ರೂಪಾಯಿಗೆ ಬದಲಾಯಿಸುವ ದರದ ತಕರಾರು ಬೇರೆ. ಅಲ್ಲಿ ತೆರಿಗೆಯೇ ಕಟ್ಟದ ಕಾರಣ ಕ್ರೆಡಿಟ್ಟೂ ಇಲ್ಲ. ಅಲ್ಲಿ ಇನ್‌ಹೆರಿಟೆನ್ಸ್ ಟ್ಯಾಕ್ಸ್ ಕಟ್ಟಿದ್ದರೆ ಅದನ್ನೂ ಇಲ್ಲಿ ಕಳೆಯೋಕೆ ಬರಲ್ಲ, ಏಕೆಂದರೆ ಅದು ಆದಾಯದ ಮೇಲಿನ ತೆರಿಗೆ ಅಲ್ಲ.

"ಇಂಗ್ಲೆಂಡಿನಲ್ಲಿ ಎಲ್ಲ ಕ್ಲಿಯರ್ ಆಯ್ತು, ಇನ್ನೇನಿಲ್ಲ" ಅಂತ ನಿರಾಳವಾಗಿ ಬಂದು ಕೂತವರಿಗೆ ನಾನು ಈ ಲೆಕ್ಕ ತೋರಿಸಿದಾಗ ಮುಖ ಸಪ್ಪಗಾಗುತ್ತೆ. ಅದಕ್ಕೇ ಮಾರುವ ಮೊದಲು ಬನ್ನಿ ಅನ್ನುವುದು. ಮೊದಲೇ ಬಂದರೆ ಎರಡು ವಿಷಯ ಯೋಚಿಸಬಹುದು. ಮನೆಯನ್ನು ನಿಮ್ಮಿಬ್ಬರ ಹೆಸರಿಗೆ ಮಾಡಿಸಿಕೊಂಡು ಮಾರುವುದಾ, ಇಲ್ಲ ಎಕ್ಸಿಕ್ಯೂಟರೇ ಮಾರಿ ಹಣ ಹಂಚುವುದಾ? ಯಾರ ಕೈಯಲ್ಲಿ ಲಾಭ ಬಂತು ಅನ್ನುವುದು ಇದರಿಂದ ಬದಲಾಗಬಹುದು. ಅಲ್ಲಿನ ಸಾಲಿಸಿಟರ್ ಮತ್ತು ಇಲ್ಲಿನ ಸಿಎ ಒಂದೇ ಫೋನ್ ಕರೆಯಲ್ಲಿ ಕೂತು ಮಾತಾಡಬೇಕಾದ ವಿಷಯ ಇದು. ಎರಡನೆಯದು, ಮಾರಿದ ಮನೆ ಹೊರದೇಶದ್ದಾದರೂ, ಆ ಲಾಭದಿಂದ ಭಾರತದಲ್ಲಿ ವಾಸದ ಮನೆ ಕೊಂಡರೆ ಅಥವಾ ಕಟ್ಟಿದರೆ ವಿನಾಯಿತಿ ಸಿಗುತ್ತೆ. ಕೊಳ್ಳೋಕೆ ಎರಡು ವರ್ಷ, ಕಟ್ಟೋಕೆ ಮೂರು ವರ್ಷ. ನಿಮಗೂ ತಂಗಿಗೂ ಬೇರೆ ಬೇರೆಯಾಗಿ. ಬರೀ ಸೈಟು ಕೊಂಡಿಟ್ಟರೆ ಆಗಲ್ಲ, ಮನೆ ಏಳಬೇಕು.

ಸೆಕ್ಷನ್ ನಂಬರುಗಳನ್ನು ಬೇಕೆಂದೇ ಬರೆದಿಲ್ಲ. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಬಂದು ನಂಬರುಗಳೆಲ್ಲ ಅದಲುಬದಲಾಗಿವೆ. ಹಳೆಯ ನಂಬರು ಬಾಯಿಪಾಠ ಇದ್ದ ನಮ್ಮಂಥವರ ಗೋಳು ಕೇಳಬೇಡಿ.

ಪ್ರಶ್ನೆ: ಮೇಡಂ, ನನ್ನ ತಮ್ಮ ಅಮೆರಿಕದ ನ್ಯೂಜೆರ್ಸಿಯಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದ. ಮದುವೆ ಆಗಿರಲಿಲ್ಲ. ಗ್ರೀನ್ ಕಾರ್ಡ್ ಇತ್ತು. ಈ ವರ್ಷ ಹಾರ್ಟ್ ಅಟ್ಯಾಕ್ ಆಗಿ ಹೋಗಿಬಿಟ್ಟ. ಮನೆಯನ್ನು ನನ್ನ ಹೆಸರಿಗೆ ವಿಲ್ ಮಾಡಿದ್ದಾನೆ. ಸಾಲ ಕಳೆದು 4 ಲಕ್ಷ ಡಾಲರ್ ಬಾಳುತ್ತಂತೆ. ಅಮೆರಿಕದಲ್ಲಿ ಕೋಟಿಗಟ್ಟಲೆ ಇದ್ದವರಿಗೆ ಮಾತ್ರ ತೆರಿಗೆ ಅಂತ ಅವನ ಗೆಳೆಯರು ಹೇಳುತ್ತಾರೆ. ವಕೀಲರು ಮಾತ್ರ ತೆರಿಗೆ ಇದೆ ಅನ್ನುತ್ತಾರೆ. ಯಾರನ್ನು ನಂಬಲಿ?
— ಹೊಳಲ್ಕೆರೆ, ಚಿತ್ರದುರ್ಗ ಜಿಲ್ಲೆ

ಉತ್ತರ: ನಿಮ್ಮ ಸಂಕಟ ಅರ್ಥವಾಗುತ್ತೆ ಅಮ್ಮಾ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಗೆಳೆಯರು ಹೇಳುವುದು ಕೇಂದ್ರದ ತೆರಿಗೆ, ವಕೀಲರು ಹೇಳುವುದು ರಾಜ್ಯದ್ದು.

ಕೇಂದ್ರದ ಎಸ್ಟೇಟ್ ಟ್ಯಾಕ್ಸಿಗೆ, ಅಲ್ಲೇ ನೆಲೆನಿಂತವರಿಗೆ 2026ರಲ್ಲಿ 1 ಕೋಟಿ 50 ಲಕ್ಷ ಡಾಲರ್‌ವರೆಗೆ ವಿನಾಯಿತಿ ಇದೆ. ಗ್ರೀನ್ ಕಾರ್ಡ್ ಇದ್ದು ಅಲ್ಲೇ ಮನೆ ಮಾಡಿಕೊಂಡಿದ್ದ ನಿಮ್ಮ ತಮ್ಮನಿಗೆ ಅದು ಸಿಗಬೇಕು. ಹಾಗಾಗಿ ಅದು ಸೊನ್ನೆ. ಇದೇ ಜಾಗದಲ್ಲಿ, ಅಲ್ಲಿ ನೆಲೆ ಇಲ್ಲದವರು, ಅಂದರೆ ಇಲ್ಲೇ ಚಿತ್ರದುರ್ಗದಲ್ಲಿ ಕೂತು ಅಮೆರಿಕದ ಮನೆಯನ್ನೋ ಷೇರನ್ನೋ ಕೊಂಡವರು ತೀರಿಕೊಂಡಿದ್ದರೆ ವಿನಾಯಿತಿ ಬರೀ 60 ಸಾವಿರ ಡಾಲರ್. ಮೇಲಿನದಕ್ಕೆ 40 ಪರ್ಸೆಂಟ್‌ವರೆಗೂ ತೆರಿಗೆ. ಮೊಬೈಲಿನಲ್ಲಿ ಅಮೆರಿಕನ್ ಷೇರು ಕೊಳ್ಳುವ ಹುಡುಗರು ಇದನ್ನು ಓದಿಕೊಳ್ಳಲಿ.

ನ್ಯೂಜೆರ್ಸಿಯಲ್ಲಿ ರಾಜ್ಯದ್ದೇ ಪಿತ್ರಾರ್ಜಿತ ತೆರಿಗೆ ಇದೆ. ಅದು ಆಸ್ತಿ ಎಷ್ಟು ಅನ್ನುವುದಕ್ಕಿಂತ ಪಡೆಯುವವರು ಏನಾಗಬೇಕು ಅನ್ನುವುದನ್ನು ಮೊದಲು ನೋಡುತ್ತೆ. ಹೆಂಡತಿ, ಮಕ್ಕಳು, ತಂದೆತಾಯಿಗೆ ತೆರಿಗೆ ಇಲ್ಲ. ಅಕ್ಕತಂಗಿ, ಅಣ್ಣತಮ್ಮಂದಿರಿಗೆ ಮೊದಲ 25 ಸಾವಿರ ಡಾಲರ್ ಬಿಟ್ಟು 11 ಪರ್ಸೆಂಟ್‌ನಿಂದ ಶುರು. ನಿಮ್ಮ ಲೆಕ್ಕ 3 ಲಕ್ಷ 75 ಸಾವಿರಕ್ಕೆ 11 ಪರ್ಸೆಂಟ್, ಅಂದರೆ 41,250 ಡಾಲರ್. ಇದೇ ಮನೆಯನ್ನು ಅವನು ನಿಮ್ಮ ಅಮ್ಮನ ಹೆಸರಿಗೆ ಬರೆದಿದ್ದರೆ ಒಂದು ಡಾಲರೂ ಇರುತ್ತಿರಲಿಲ್ಲ. ನಿಮ್ಮ ಮಗನಿಗೆ ಬರೆದಿದ್ದರೆ 15 ಪರ್ಸೆಂಟ್. ಪಕ್ಕದ ಪೆನ್ಸಿಲ್ವೇನಿಯಾದಲ್ಲಿ ಅಕ್ಕನಿಗೆ 12. ಎಷ್ಟೋ ರಾಜ್ಯಗಳಲ್ಲಿ ಈ ತೆರಿಗೆಯೇ ಇಲ್ಲ. "ಅಮೆರಿಕದಲ್ಲಿ ಹೀಗಂತೆ" ಅಂತ ಯಾರಾದರೂ ಹೇಳಿದರೆ ಯಾವ ರಾಜ್ಯ ಅಂತ ಮೊದಲು ಕೇಳಿ.

ಗಡುವು ಎಂಟು ತಿಂಗಳು. ರಾಜ್ಯದ ತೆರಿಗೆ ಇಲಾಖೆ ಕೊಡುವ ವೇವರ್ (ಮನೆ ಮಾರೋಕೆ ಇಲಾಖೆಯ ಒಪ್ಪಿಗೆ) ಕಾಗದ ಇಲ್ಲದೆ ಮನೆ ಮಾರಾಟ ಸಲೀಸಾಗಿ ಆಗಲ್ಲ. ಮಾರುವಾಗ ಇನ್ನೊಂದು ಕಾದಿದೆ. ಮಾರುವವರು ವಿದೇಶಿಯರಾದರೆ ಕೊಳ್ಳುವವರು ಬೆಲೆಯ 15 ಪರ್ಸೆಂಟ್ ಹಿಡಿದು ಅಮೆರಿಕದ ತೆರಿಗೆ ಇಲಾಖೆಗೆ ಕಟ್ಟಬೇಕು. ಲಾಭದ ಮೇಲಲ್ಲ, ಪೂರ್ತಿ ಬೆಲೆಯ ಮೇಲೆ. ಆಮೇಲೆ ರಿಟರ್ನ್ ಹಾಕಿ ಜಾಸ್ತಿ ಹೋದದ್ದನ್ನು ವಾಪಸ್ ಪಡೆಯಬಹುದು, ಏಕೆಂದರೆ ಅಲ್ಲೂ ಲೆಕ್ಕ ಶುರುವಾಗುವುದು ತಮ್ಮ ತೀರಿಕೊಂಡ ದಿನದ ಬೆಲೆಯಿಂದ. ಅದಕ್ಕೆ ನಿಮಗೆ ಅಲ್ಲಿನ ತೆರಿಗೆ ನಂಬರು ಬೇಕು, ಐಟಿಐಎನ್ ಅನ್ನುತ್ತಾರೆ. ಅರ್ಜಿ ಈಗಲೇ ಹಾಕಿಸಿ. ಆ ದಿನದ ಬೆಲೆಗೆ ಅಲ್ಲಿನ ಅಧಿಕೃತ ವ್ಯಾಲ್ಯುಯರ್ ಕೈಲಿ ವರದಿ ಬರೆಸಿಟ್ಟುಕೊಳ್ಳಿ. ವರ್ಷಗಳಾದ ಮೇಲೆ ಬರೆಸೋಕೆ ಹೋದರೆ ವಾದ ಮಾಡಬೇಕಾಗುತ್ತೆ. ಇಲ್ಲಿನ ಲೆಕ್ಕ ಮಾತ್ರ ತಮ್ಮ ಕೊಂಡ ಬೆಲೆಯಿಂದ, ಮೇಲಿನ ಉತ್ತರದಲ್ಲಿ ಹೇಳಿದ ಹಾಗೆ.

ಪ್ರಶ್ನೆ: ನಾನು ಅಡಿಕೆ ಬೆಳೆಗಾರ. ಕೃಷಿ ಆದಾಯ ಬಿಟ್ಟರೆ ಬೇರೆ ಇಲ್ಲ, ಯಾವತ್ತೂ ರಿಟರ್ನ್ ಹಾಕಿದವನಲ್ಲ. ಅಣ್ಣ ದುಬೈನಲ್ಲಿದ್ದ, ತೀರಿಕೊಂಡ. ಅವನ ಫ್ಲ್ಯಾಟು ಅಲ್ಲಿನ ಕೋರ್ಟಿನ ಮೂಲಕ ನನ್ನ ಹೆಸರಿಗೆ ಆಗಿದೆ. ಅಲ್ಲಿ ತೆರಿಗೆ ಇಲ್ಲ, ಇಲ್ಲೂ ವಾರಸಿಗೆ ತೆರಿಗೆ ಇಲ್ಲ ಅಂದಮೇಲೆ ನಾನು ಆರಾಮಾಗಿ ಇರಬಹುದಲ್ವಾ?
— ಚನ್ನಗಿರಿ ತಾಲ್ಲೂಕು

ಉತ್ತರ: ಇರಬಹುದಿತ್ತು. ಒಂದು ಕಾಗದ ಬಿಟ್ಟು.

ತೆರಿಗೆ ಇಲ್ಲ ಅನ್ನುವುದು ಬೇರೆ, ತಿಳಿಸಬೇಕಾಗಿಲ್ಲ ಅನ್ನುವುದು ಬೇರೆ. ಇಲ್ಲಿ ಕಾಯಂ ವಾಸಿಯಾಗಿರುವವರ ಹೆಸರಿನಲ್ಲಿ ಹೊರದೇಶದ ಆಸ್ತಿ ಇದ್ದರೆ, ಆದಾಯ ತೆರಿಗೆ ಮಿತಿಗಿಂತ ಕಡಿಮೆ ಇದ್ದರೂ, ಆದಾಯ ಪೂರ್ತಿ ಕೃಷಿಯದೇ ಆಗಿದ್ದರೂ ರಿಟರ್ನ್ ಹಾಕಲೇಬೇಕು. ಈ ಸಣ್ಣ ವಿಷಯ ನಮ್ಮ ಅಡಿಕೆ, ಮೆಕ್ಕೆಜೋಳದ ಕುಟುಂಬಗಳಿಗೆ ಗೊತ್ತೇ ಇರಲ್ಲ. ಪ್ಯಾನ್ ಕಾರ್ಡು ಬೀರುವಿನಲ್ಲಿ ಇರುತ್ತೆ, ರಿಟರ್ನ್ ಅಂದರೆ ಮಂಡಿಪೇಟೆ ವ್ಯಾಪಾರಿಗಳ ತಲೆನೋವು ಅಂದುಕೊಂಡಿರುತ್ತಾರೆ.

ಹಾಕಬೇಕಾದ್ದು ಐಟಿಆರ್-2 ಅನ್ನುವ ರಿಟರ್ನ್ ಫಾರಂ. ಒಂದನೇ ನಂಬರಿನ ಸರಳ ಫಾರಂ ನಿಮಗೆ ನಡೆಯಲ್ಲ. ಐಟಿಆರ್-2ರಲ್ಲಿ ಹೊರದೇಶದ ಆಸ್ತಿಗೇ ಷೆಡ್ಯೂಲ್ ಎಫ್‌ಎ ಅಂತ ಒಂದು ಪುಟ ಇದೆ. ದೇಶದ ಹೆಸರು, ಕೋಡು (ದುಬೈಗೆ ಫೋನು ಹಚ್ಚುವಾಗ ಒತ್ತುವ ಅದೇ 971), ಫ್ಲ್ಯಾಟಿನ ವಿಳಾಸ, ನೀವು ನೇರ ಮಾಲೀಕರಾ ಅನ್ನುವುದು, ಯಾವ ದಿನದಿಂದ ನಿಮ್ಮದು, ಎಷ್ಟು ಹಣ ಹಾಕಿದ್ದೀರಿ, ಬಾಡಿಗೆ ಎಷ್ಟು ಬಂತು. ಹಣ ಹಾಕಿದ್ದೆಷ್ಟು ಅನ್ನುವ ಕಾಲಂ ಹತ್ತಿರ ಎಲ್ಲರೂ ನಿಲ್ಲುತ್ತಾರೆ. ವಾರಸಾಗಿ ಬಂದದ್ದಕ್ಕೆ ನೀವು ಏನೂ ಹಾಕಿಲ್ಲವಲ್ಲ. ಸಿಎ ಹತ್ತಿರ ಕೂತು ತುಂಬಿಸಿ, ಕೋರ್ಟಿನ ಆದೇಶದ ಪ್ರತಿಯನ್ನು ಅದೇ ಫೈಲಿನಲ್ಲಿ ಇಡಿ. ಈ ಪುಟದ ವರ್ಷ ಜನವರಿಯಿಂದ ಡಿಸೆಂಬರ್, ನಮ್ಮ ಏಪ್ರಿಲ್–ಮಾರ್ಚ್ ಅಲ್ಲ. ರೂಪಾಯಿಗೆ ಬದಲಾಯಿಸೋಕೆ ಸ್ಟೇಟ್ ಬ್ಯಾಂಕು ವಿದೇಶಿ ಹಣ ಕೊಳ್ಳುವ ಟಿಟಿ ಬೈಯಿಂಗ್ ದರ.

ತುಂಬದಿದ್ದರೆ? 2015ರ ಕಪ್ಪುಹಣ ಕಾಯ್ದೆಯಲ್ಲಿ ದಂಡ 10 ಲಕ್ಷ ರೂಪಾಯಿ. ಸಣ್ಣ ಪುಟ್ಟ ಬ್ಯಾಂಕ್ ಖಾತೆ, ಷೇರು 20 ಲಕ್ಷದೊಳಗೆ ಇದ್ದವರಿಗೆ 2024ರ ಅಕ್ಟೋಬರ್‌ನಿಂದ ಈ ದಂಡ ಬಿಟ್ಟಿದ್ದಾರೆ. ಮನೆ, ಫ್ಲ್ಯಾಟು, ಜಾಗಕ್ಕೆ ಆ ರಿಯಾಯಿತಿ ಇಲ್ಲ. ಪ್ರಾಮಾಣಿಕವಾಗಿ ಬಂದ ಆಸ್ತಿ, ಒಂದು ರೂಪಾಯಿ ತೆರಿಗೆ ಬಾಕಿ ಇಲ್ಲ, ಆದರೂ 10 ಲಕ್ಷ. ಇದು ಜಾಸ್ತಿಯಾಯಿತು ಅಂತ ನನಗೂ ಅನಿಸುತ್ತೆ. ಕಾನೂನು ಇರುವುದು ಹಾಗೆ. ಹೊರದೇಶದ ತೆರಿಗೆ ಇಲಾಖೆಗಳು ಖಾತೆಗಳ ಮಾಹಿತಿಯನ್ನು ಈಗ ಪ್ರತಿ ವರ್ಷ ಹಂಚಿಕೊಳ್ಳುತ್ತವೆ. ಬಾಡಿಗೆ ಅಲ್ಲಿನ ಬ್ಯಾಂಕಿಗೆ ಬೀಳುತ್ತಿದ್ದರೆ ಇಲ್ಲಿ ಗೊತ್ತಾಗಲ್ಲ ಅಂದುಕೊಳ್ಳಬೇಡಿ. ಆ ಬಾಡಿಗೆಗೆ ಇಲ್ಲಿ ತೆರಿಗೆಯೂ ಇದೆ. ಅಲ್ಲಿ ಏನೂ ಕಟ್ಟದಿರುವುದರಿಂದ ಕಳೆಯೋಕೂ ಏನಿಲ್ಲ.

ಪ್ರಶ್ನೆ: ಮಗಳು ಆಸ್ಟ್ರೇಲಿಯಾದಲ್ಲಿ, ಮಗ ಸಿಂಗಪುರದಲ್ಲಿ. ಅಲ್ಲೂ ಈ ತೆರಿಗೆ ಇದೆಯಾ? ನಮ್ಮ ದೇಶಕ್ಕೂ ಬರುತ್ತೆ ಅಂತಾರಲ್ಲ?
— ಎಂ.ಸಿ.ಸಿ. 'ಬಿ' ಬ್ಲಾಕ್, ದಾವಣಗೆರೆ

ಉತ್ತರ: ಎರಡೂ ಕಡೆ ಇಲ್ಲ. ಸಿಂಗಪುರ 2008ರಲ್ಲಿ ತೆಗೆಯಿತು, ಆಸ್ಟ್ರೇಲಿಯಾ ಅದಕ್ಕೂ ಬಹಳ ಮೊದಲು. ಆಸ್ಟ್ರೇಲಿಯಾದಲ್ಲಿ ವಾರಸಾಗಿ ಬಂದದ್ದನ್ನು ಮಾರಿದಾಗ ಲಾಭದ ತೆರಿಗೆ ಬರಬಹುದು.

ನಮ್ಮಲ್ಲಿ 1953ರಲ್ಲಿ ಎಸ್ಟೇಟ್ ಡ್ಯೂಟಿ ಬಂದಿತ್ತು, 1985ರಲ್ಲಿ ತೆಗೆದುಹಾಕಿದರು. ದೊಡ್ಡ ಆಸ್ತಿಗೆ ದರ ಒಂದು ಕಾಲಕ್ಕೆ 85 ಪರ್ಸೆಂಟ್‌ವರೆಗೂ ಇತ್ತು. ವಸೂಲಿಯಾದ ಹಣ ವಸೂಲಿಯ ತಾಪತ್ರಯಕ್ಕೆ ಸಾಲದು ಅನ್ನುವಂತಾಗಿತ್ತು. 2024ರ ಲೋಕಸಭಾ ಚುನಾವಣೆ ಹೊತ್ತಿಗೆ ಮತ್ತೆ ಮಾತು ಬಂತು, ಮಾತಾಗಿಯೇ ಉಳಿಯಿತು. ಕಾನೂನು ಬಂದಾಗ ನೋಡೋಣ.

ಪ್ರಶ್ನೆ: ಲಂಡನ್ನಿನ ವಕೀಲರು ನಾವು ತೀರಿಕೊಂಡವರ ಅಣ್ಣನ ಮಕ್ಕಳು ಅನ್ನುವುದಕ್ಕೆ ದಾಖಲೆ ಕೇಳುತ್ತಿದ್ದಾರೆ. ನಾಡ ಕಚೇರಿಯ ವಂಶವೃಕ್ಷ ನಡೆಯುತ್ತಾ?
— ಹಿರಿಯೂರು

ಉತ್ತರ: ನಡೆಯುತ್ತೆ, ಆದರೆ ಹಾಗೇ ಕಳಿಸಿದರೆ ಅಲ್ಲ. ಕನ್ನಡದಲ್ಲಿರುವುದನ್ನು ಇಂಗ್ಲಿಷಿಗೆ ಅನುವಾದ ಮಾಡಿಸಿ, ನೋಟರಿ ಮಾಡಿಸಿ, ರಾಜ್ಯ ಸರ್ಕಾರದ ದೃಢೀಕರಣ ಪಡೆದು, ಕೊನೆಗೆ ವಿದೇಶಾಂಗ ಸಚಿವಾಲಯದ ಅಪಾಸ್ಟಿಲ್ ಮುದ್ರೆ (ನಮ್ಮ ದಾಖಲೆ ಹೊರದೇಶದಲ್ಲೂ ನಡೆಯುವಂತೆ ಮಾಡುವ ಮುದ್ರೆ) ಹಾಕಿಸಬೇಕು. ಭಾರತ 2005ರಿಂದ ಅಪಾಸ್ಟಿಲ್‌ನ ಅಂತರರಾಷ್ಟ್ರೀಯ ಒಪ್ಪಂದದಲ್ಲಿದೆ, ಹಾಗಾಗಿ ಬ್ರಿಟನ್, ಅಮೆರಿಕ ಎರಡೂ ಕಡೆ ಒಪ್ಪುತ್ತಾರೆ. ಇಲ್ಲಿಂದ ಅಧಿಕಾರ ಪತ್ರ ಕಳಿಸುವುದಾದರೆ ಅದಕ್ಕೂ ಇದೇ ದಾರಿ.

ವಂಶವೃಕ್ಷಕ್ಕೆ ಅರ್ಜಿ ಹಾಕುವ ಮೊದಲು ಹೆಸರುಗಳನ್ನು ಒಂದು ಹಾಳೆಯಲ್ಲಿ ಬರೆದು ಜೋಡಿಸಿ ನೋಡಿ. ನಿಮ್ಮ ಚಿಕ್ಕಪ್ಪನ ಬ್ರಿಟಿಷ್ ಪಾಸ್‌ಪೋರ್ಟಿನಲ್ಲಿ ಊರ ಹೆಸರೇ ಮನೆತನದ ಹೆಸರಾಗಿ ಕೂತಿರುತ್ತೆ. ಇಲ್ಲಿ ಪಹಣಿಯಲ್ಲಿ ಅಪ್ಪನ ಹೆಸರು ಸೇರಿಸಿ "ಬಿನ್" ಅಂತ ಇರುತ್ತೆ. ನಿಮ್ಮ ಆಧಾರಿನಲ್ಲಿ ಇನಿಷಿಯಲ್ ಹಿಂದೆ, ಎಸ್‌ಎಸ್‌ಎಲ್‌ಸಿ ಮಾರ್ಕ್ಸ್‌ಕಾರ್ಡಿನಲ್ಲಿ ಮುಂದೆ. ನಮಗೆ ಇದು ಮಾಮೂಲು, ಅಲ್ಲಿನ ಗುಮಾಸ್ತರಿಗೆ ಇವರು ಮೂರು ಬೇರೆ ಬೇರೆ ಜನ. ಎಲ್ಲಿ ಹೊಂದುವುದಿಲ್ಲವೋ ಅಲ್ಲಿಗೆ ಇಬ್ಬರೂ ಒಬ್ಬರೇ ಅನ್ನುವ ಅಫಿಡವಿಟ್ ಮಾಡಿಸಿ ವಂಶವೃಕ್ಷದ ಜೊತೆಗೇ ಅಪಾಸ್ಟಿಲ್‌ಗೆ ಕೊಡಿ. ಒಂದೇ ಸಲಕ್ಕೆ ಕೆಲಸ ಮುಗಿಯುತ್ತೆ, ಬೆಂಗಳೂರಿಗೆ ಎರಡನೇ ಸಲ ಓಡಾಡುವುದು ತಪ್ಪುತ್ತೆ.